ಡ್ರೋನ್ ವಿಡಿಯೊ ಎಡಿಟಿಂಗ್: ಯಾವ ಶಾಟ್ ಇಡಬೇಕು, ಎಲ್ಲಿ ಕತ್ತರಿಸಬೇಕು

'ಡ್ರೋನ್‌ನಲ್ಲಿ ತೆಗೆದ ಒಂದೊಂದು ಶಾಟೂ ಚೆನ್ನಾಗಿದೆ. ಜೋಡಿಸಿದ ಮೇಲೆ ಮಾತ್ರ ವಿಡಿಯೊ ಎಳೆದ ಹಾಗೆ ಅನಿಸುತ್ತದೆ, ಯಾಕೆ?' ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಮದುವೆಗೆ ಹೆಲಿಕ್ಯಾಮ್ ಹಾರಿಸುವವರೂ ಕೇಳುತ್ತಾರೆ, ಊರ ಜಾತ್ರೆ, ತೋಟ, ಪ್ರವಾಸದ ವಿಡಿಯೊ ಮಾಡುವವರೂ ಕೇಳುತ್ತಾರೆ. ಹೆಚ್ಚಿನ ಸಲ ಕಾರಣ ಒಂದೇ. ಎತ್ತರವನ್ನೇ ವಿಷಯ ಅಂದುಕೊಂಡು ಶಾಟ್ ಆರಿಸಿರುತ್ತೀರಿ. ಮೇಲಿನಿಂದ ನೋಡುವ ಬೆರಗು ಎರಡು ಶಾಟ್‌ಗೆ ಮುಗಿದುಹೋಗುತ್ತದೆ. ಮೂರನೆಯದರಿಂದ ನೋಡುವವರ ಕಣ್ಣು ಹೊಸದೇನಾದರೂ ಇದೆಯೇ ಎಂದು ಹುಡುಕುತ್ತದೆ. ಅದು ಸಿಗುವ ತನಕ ಶಾಟ್ ಇರಲಿ, ಸಿಕ್ಕಿದ ಮೇಲೆ ಕಟ್ ಆಗಲಿ.

ಬರೀ ನಿಯಮ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಉಡುಪಿ ಜಿಲ್ಲೆಯ ಮರವಂತೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನೆಲದ ಮೇಲೆ ನಿಂತರೆ ಎರಡೂ ನೀರು ಒಂದೇ ನೋಟಕ್ಕೆ ಸರಿಯಾಗಿ ಸಿಗುವುದಿಲ್ಲ, ಮೇಲಿನಿಂದ ಸಿಗುತ್ತದೆ. ಡ್ರೋನ್‌ಗೆ ನಿಜವಾದ ಕೆಲಸ ಇರುವ ಜಾಗ ಇದು. ಇಲ್ಲಿಯ ಫೂಟೇಜ್‌ನಿಂದ ಒಂದೂವರೆ ನಿಮಿಷದ ವಿಡಿಯೊ ಮಾಡಬೇಕು ಎಂದುಕೊಳ್ಳಿ.

ಏನೇನು ಬೇಕು

ಎಡಿಟಿಂಗ್ ತಂತ್ರಾಂಶ ಯಾವುದಾದರೂ ಸರಿ. ಇಲ್ಲಿ ಹೇಳುವ ಕೆಲಸಗಳೆಲ್ಲ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಆಗುತ್ತವೆ. 4ಕೆ ಫೂಟೇಜ್ ನಿಮ್ಮ ಕಂಪ್ಯೂಟರಿನಲ್ಲಿ ತಡೆತಡೆದು ಓಡುತ್ತಿದ್ದರೆ ಮೊದಲು ಪ್ರಾಕ್ಸಿ ಮಾಡಿಕೊಳ್ಳಿ. ಪ್ರಾಕ್ಸಿ ಎಂದರೆ ಎಡಿಟ್ ಮಾಡುವಾಗ ಮಾತ್ರ ಬಳಸುವ ಹಗುರವಾದ ನಕಲು. ಕೊನೆಯಲ್ಲಿ ರೆಂಡರ್ ಆಗುವುದು, ಅಂದರೆ ಮುಗಿದ ವಿಡಿಯೊ ಆಗಿ ಹೊರಬರುವುದು, ಮೂಲ ಫೈಲೇ. ಇದನ್ನು ಸೋಮಾರಿತನಕ್ಕೆ ಬಿಡಬೇಡಿ. ಚಿತ್ರ ತಡೆಯುತ್ತಾ ಓಡಿದರೆ ಶಾಟ್‌ನ ವೇಗ ನಿಮಗೇ ತಪ್ಪಾಗಿ ಕಾಣುತ್ತದೆ, ಆ ತಪ್ಪು ಅಳತೆಯಲ್ಲೇ ಕತ್ತರಿಸುತ್ತೀರಿ.

ಜೊತೆಗೆ, ದಡದಲ್ಲಿ ಮೊಬೈಲ್ ಹಿಡಿದು ಒಂದೆರಡು ನಿಮಿಷ ರೆಕಾರ್ಡ್ ಮಾಡಿದ ಅಲೆಯ ಸದ್ದು ಮತ್ತು ನೆಲದ ಮೇಲಿನಿಂದ ತೆಗೆದ ನಾಲ್ಕೈದು ಶಾಟ್ ಬೇಕು. ಅವು ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಹಂತ 1: ಫ್ರೇಮ್ ರೇಟ್ ಮೊದಲೇ ನಿರ್ಧರಿಸಿ

ಫ್ರೇಮ್ ರೇಟ್ ಎಂದರೆ ಒಂದು ಸೆಕೆಂಡಿಗೆ ಓಡುವ ಚಿತ್ರಗಳ ಸಂಖ್ಯೆ. ರಿಸಾಲ್ವ್‌ನಲ್ಲಿ ಫೂಟೇಜ್ ಸೇರಿಸಿದ ಮೇಲೆ ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಫೈಲ್ ಎಳೆದುಹಾಕುವ ಮುಂಚೆ 25 ಎಂದು ಇಟ್ಟುಕೊಳ್ಳಿ. ಎಲ್ಲ ಫೂಟೇಜೂ 30ರಲ್ಲೇ ಇದ್ದರೆ 30 ಇಡಿ.

ಹೆಚ್ಚು ಜನ ಎಡವುವುದು ಇಲ್ಲೇ. 30ರಲ್ಲಿ ತೆಗೆದ ಶಾಟನ್ನು 25ರ ಟೈಮ್‌ಲೈನ್‌ಗೆ (ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಜಾಗ) ನೇರವಾಗಿ ಹಾಕಿದರೆ ಪ್ರತಿ ಆರು ಫ್ರೇಮ್‌ಗಳಲ್ಲಿ ಒಂದು ಬಿದ್ದುಹೋಗುತ್ತದೆ. ನಿಧಾನವಾಗಿ ಮುಂದೆ ಸಾಗುವ ಶಾಟ್ ಆಗಾಗ ಸಣ್ಣಗೆ ಎಗರಿದ ಹಾಗೆ ಕಾಣುತ್ತದೆ. ಡ್ರೋನ್ ಅಲುಗಾಡಿದೆ ಎಂದುಕೊಂಡು ಸ್ಟೆಬಿಲೈಸೇಶನ್ ಹಾಕುತ್ತಾ ಕೂರುವವರಿದ್ದಾರೆ. ರೋಗ ಬೇರೆ, ಮದ್ದು ಬೇರೆ. ಕ್ಲಿಪ್ ಮೇಲೆ ಬಲಗಡೆ ಕ್ಲಿಕ್ ಮಾಡಿ, ಕ್ಲಿಪ್ ಆಟ್ರಿಬ್ಯೂಟ್ಸ್‌ಗೆ ಹೋಗಿ, ಫ್ರೇಮ್ ರೇಟ್ 25 ಎಂದು ಕೊಡಿ. ಶಾಟ್ ಶೇ 83ರ ವೇಗದಲ್ಲಿ ನುಣ್ಣಗೆ ಓಡುತ್ತದೆ. ಎತ್ತರದ ಶಾಟ್‌ಗಳಲ್ಲಿ ಈ ನಿಧಾನ ಯಾರ ಕಣ್ಣಿಗೂ ಬೀಳುವುದಿಲ್ಲ. 50ರಲ್ಲಿ ತೆಗೆದದ್ದು ಹೀಗೆ ಮಾಡಿದರೆ ಸರಿಯಾಗಿ ಅರ್ಧ ವೇಗಕ್ಕೆ ಬರುತ್ತದೆ.

ಹಂತ 2: ಫೂಟೇಜ್ ಜರಡಿ ಹಿಡಿಯಿರಿ

ಎಲ್ಲ ಕ್ಲಿಪ್‌ಗಳನ್ನೂ ಒಮ್ಮೆ ಸಂಗೀತವಿಲ್ಲದೆ, ಅದರದೇ ವೇಗದಲ್ಲಿ ನೋಡಿ. ಸಮಯ ಉಳಿಸಲು ದುಪ್ಪಟ್ಟು ವೇಗದಲ್ಲಿ ಓಡಿಸಿದರೆ ಯಾವ ಶಾಟ್ ಎಷ್ಟು ಹೊತ್ತು ತಾಳುತ್ತದೆ ಎಂಬುದು ತಿಳಿಯುವುದೇ ಇಲ್ಲ. ಒಂದು ನಿಮಿಷದ ಕ್ಲಿಪ್‌ನಲ್ಲಿ ಉಳಿಯುವುದು ಆರೇಳು ಸೆಕೆಂಡ್. ಅದರ ಆರಂಭಕ್ಕೆ ಐ, ಕೊನೆಗೆ ಓ ಕೀ ಒತ್ತಿ ಗುರುತು ಹಾಕಿ.

ತಕ್ಷಣ ಬಿಡಬೇಕಾದವು: ಗಿಂಬಲ್ ಕುಕ್ಕಿದ ಜಾಗ (ಗಿಂಬಲ್ ಎಂದರೆ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಮೋಟಾರಿನ ಹಿಡಿ), ಡ್ರೋನ್‌ನ ನೆರಳು ಮರಳಿನ ಮೇಲೆ ಬಿದ್ದದ್ದು, ಕ್ಯಾಮೆರಾ ಆಕಾಶದ ಕಡೆ ಎದ್ದಾಗ ಆಟೊ ಎಕ್ಸ್‌ಪೋಶರ್‌ನಿಂದ (ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುವುದರಿಂದ) ನೀರು ಇದ್ದಕ್ಕಿದ್ದಂತೆ ಕಪ್ಪಾದದ್ದು, ಹಾರಿಸುವವರು ದಿಕ್ಕು ಯೋಚಿಸುತ್ತಾ ತಡವರಿಸಿದ್ದು.

ಉಳಿದ ಪ್ರತಿ ಕ್ಲಿಪ್‌ಗೂ ಹೆಸರು ಬದಲಿಸಿ. ದಿಕ್ಕು, ಎತ್ತರ, ಹೊತ್ತು, ಚಲನೆ ಇಷ್ಟು ಸಾಕು. 'ಉತ್ತರ-60-ಸಂಜೆ-ಏರು' ಎಂದರೆ ಉತ್ತರಕ್ಕೆ ಮುಖ ಮಾಡಿ, ಸಂಜೆ ಬೆಳಕಿನಲ್ಲಿ, 60 ಮೀಟರ್‌ವರೆಗೆ ಮೇಲೇರಿದ ಶಾಟ್. ಇದಕ್ಕೆ ಅರ್ಧ ಗಂಟೆ ಹೋಗುತ್ತದೆ, ಆದರೆ ಮುಂದಿನ ಹಂತಗಳೆಲ್ಲ ಈ ಹೆಸರಿನ ಮೇಲೆಯೇ ನಡೆಯುತ್ತವೆ.

ಹಂತ 3: ಒಂದೊಂದು ಶಾಟ್‌ಗೆ ಒಂದು ಕೆಲಸ

ಕಾಗದದ ಮೇಲೆ ಬರೆಯಿರಿ: ಈ ಶಾಟ್ ನೋಡುವವರಿಗೆ ಏನು ಹೇಳುತ್ತದೆ? ಮರವಂತೆಯ ವಿಡಿಯೊಗೆ ಪಟ್ಟಿ ಹೀಗೆ ಬರಬಹುದು. ಇಲ್ಲಿ ಕಡಲಿದೆ. ಪಕ್ಕದಲ್ಲೇ ರಸ್ತೆ. ಅರೆ, ಆಚೆ ನದಿ! ನದಿಯೊಳಗೆ ತೆಂಗು ತುಂಬಿದ ಕುದ್ರು, ಅಂದರೆ ನಡುಗಡ್ಡೆ. ಕುದ್ರುವಿನ ಬದಿಗೆ ದೋಣಿ. ದೋಣಿಯಲ್ಲಿ ಮನುಷ್ಯ. ಒಂದೇ ಉತ್ತರ ಕೊಡುವ ಎರಡು ಶಾಟ್ ಇದ್ದರೆ ಒಂದನ್ನು ತೆಗೆಯಿರಿ, ಎರಡೂ ಎಷ್ಟೇ ಚೆಂದ ಇರಲಿ. ಕಷ್ಟದ ಮಾತು, ಗೊತ್ತು. ಆದರೆ ವಿಡಿಯೊ ಎಳೆಯುವುದು ಕೆಟ್ಟ ಶಾಟ್‌ಗಳಿಂದಲ್ಲ. ಅವನ್ನು ನೀವು ಆಗಲೇ ತೆಗೆದುಹಾಕಿರುತ್ತೀರಿ. ಎಳೆಯುವುದು ಒಂದೇ ಮಾತನ್ನು ಎರಡನೇ ಸಲ ಹೇಳುವ ಚೆಂದದ ಶಾಟ್‌ಗಳಿಂದ.

ಈ ಪಟ್ಟಿಯಲ್ಲಿ ನದಿ ಮೂರನೆಯದಾಗಿ ಬಂದಿದೆ ಎಂಬುದನ್ನು ಗಮನಿಸಿ. ಮೊದಲ ಶಾಟ್‌ನಲ್ಲೇ 100 ಮೀಟರ್ ಎತ್ತರದಿಂದ ಕಡಲು, ರಸ್ತೆ, ನದಿ ಎಲ್ಲ ತೋರಿಸಿಬಿಟ್ಟರೆ ಮುಂದೆ ಕೊಡಲು ಏನೂ ಉಳಿಯುವುದಿಲ್ಲ. ತಡೆಗೋಡೆಯ ಕಲ್ಲುಗಳ ಮಟ್ಟದಲ್ಲಿ ಶುರು ಮಾಡಿ. ಅಲೆ ಮಾತ್ರ ಕಾಣಲಿ. ಆಮೇಲೆ ರಸ್ತೆಯ ಕಡೆ ತಿರುಗಿದ ಏರು ಶಾಟ್. ಡ್ರೋನ್ ಮೇಲೇರುತ್ತಿದ್ದಂತೆ ರಸ್ತೆಯ ಆಚೆ ಮರಗಳ ಸಾಲಿನ ಹಿಂದಿನಿಂದ ನದಿ ಒಂದು ಗೆರೆಯಾಗಿ ಇಣುಕುತ್ತದೆ, ಗೆರೆ ಪಟ್ಟಿಯಾಗುತ್ತದೆ, ಕೊನೆಗೆ ಆಚೆ ದಡ ಕಾಣುತ್ತದೆ. ಇದಕ್ಕೆ ರಿವೀಲ್ ಶಾಟ್ ಎನ್ನುತ್ತಾರೆ, ಮರೆಯಲ್ಲಿದ್ದುದನ್ನು ಚಲನೆಯಿಂದಲೇ ತೆರೆದು ತೋರಿಸುವುದು. ಇಡೀ ವಿಡಿಯೊದಲ್ಲಿ ಒಂದೇ ಶಾಟನ್ನು ಪೂರ್ತಿ ಓಡಲು ಬಿಡಬೇಕು ಎಂದರೆ ಇದನ್ನೇ ಓಡಲು ಬಿಡಿ. ಆಚೆ ದಡ ಕಂಡು, ಇನ್ನೊಂದು ಸೆಕೆಂಡ್ ಕಳೆದ ಮೇಲೆ ಕಟ್. ನದಿ ಇಣುಕುವಾಗಲೇ ಕತ್ತರಿಸಿದರೆ ಕೊಟ್ಟ ಊಟವನ್ನು ಕಿತ್ತುಕೊಂಡ ಹಾಗೆ.

ಹಂತ 4: ಅಕ್ಕಪಕ್ಕದ ಶಾಟ್‌ಗಳ ನಡುವೆ ವ್ಯತ್ಯಾಸ ಇರಲಿ

80 ಮೀಟರ್‌ನಲ್ಲಿ ಮುಂದೆ ಸಾಗುವ ಶಾಟ್ ಆದ ಮೇಲೆ 70 ಮೀಟರ್‌ನಲ್ಲಿ ಮುಂದೆ ಸಾಗುವ ಶಾಟ್ ಹಾಕಿದರೆ ಕಟ್ ಅನಿಸುವುದಿಲ್ಲ, ವಿಡಿಯೊ ಎಗರಿತು ಅನಿಸುತ್ತದೆ. ಎತ್ತರ, ಕ್ಯಾಮೆರಾದ ಕೋನ, ಚಲನೆ, ವಿಷಯ ಈ ನಾಲ್ಕರಲ್ಲಿ ಕನಿಷ್ಠ ಎರಡು ಬದಲಾಗಬೇಕು. ಎತ್ತರ ಬದಲಿಸುವುದಾದರೆ ಅರ್ಧಕ್ಕಿಂತ ಕಡಿಮೆ ಅಥವಾ ಎರಡು ಪಟ್ಟಿಗಿಂತ ಹೆಚ್ಚು ಮಾಡಿ. 80ರಿಂದ 30ಕ್ಕೆ ಇಳಿಯಿರಿ, ಅಥವಾ ನೇರ ನೆಲಕ್ಕೇ ಬನ್ನಿ.

ನೆಲದ ಶಾಟ್ ಬೇಕಾಗುವುದು ಇದಕ್ಕೆ. ಮೂರು ಡ್ರೋನ್ ಶಾಟ್‌ಗೆ ಒಂದರಂತೆ ನೆಲದ ಶಾಟ್ ಬಂದರೆ ಕಣ್ಣಿಗೆ ಅಳತೆ ಸಿಗುತ್ತದೆ. ಕಡಲ ಹಿನ್ನೆಲೆಯಲ್ಲಿ ಹಾದುಹೋಗುವ ಲಾರಿ, ಬಲೆ ಬಿಡಿಸುವ ಕೈ, ಕಲ್ಲಿನ ಸಂದಿಯಿಂದ ವಾಪಸ್ ಇಳಿಯುವ ನೊರೆ. ಇದಾದ ಮೇಲೆ ಮತ್ತೆ ಮೇಲೇರಿದಾಗ ಎತ್ತರ ಮತ್ತೆ ಎತ್ತರವಾಗಿ ಕಾಣುತ್ತದೆ.

ಆರ್ಬಿಟ್ ಶಾಟ್, ಅಂದರೆ ಒಂದು ವಸ್ತುವಿನ ಸುತ್ತ ಪ್ರದಕ್ಷಿಣೆ ಹಾಕುವುದು, ಒಂದೂವರೆ ನಿಮಿಷದ ವಿಡಿಯೊದಲ್ಲಿ ಒಂದು ಸಾಕು. ಪೂರ್ತಿ ಸುತ್ತು ಬೇಡ. ಹಿನ್ನೆಲೆ ಬದಲಾಗುವ ಕಾಲು ಸುತ್ತನ್ನು ಮಾತ್ರ ಇಡಿ.

ಹಂತ 5: ದಿಕ್ಕು ತಪ್ಪಿಸಬೇಡಿ

ಈ ಹಂತವನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಡ್ರೋನ್ ವಿಡಿಯೊಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ, ಮಾಡಿದವರಿಗೆ ಅತಿ ಕಡಿಮೆ ಗೊತ್ತಾಗುವುದೂ ಇದೇ.

ಕುಂದಾಪುರದ ಕಡೆಯಿಂದ ಬೈಂದೂರಿನ ಕಡೆಗೆ, ಅಂದರೆ ಉತ್ತರಕ್ಕೆ ಮುಖ ಮಾಡಿದರೆ ಕಡಲು ಎಡಕ್ಕೆ, ನದಿ ಬಲಕ್ಕೆ. ದಕ್ಷಿಣಕ್ಕೆ ತಿರುಗಿದರೆ ಅದಲುಬದಲು. ಹಾರಿಸುವಾಗ ನಿಮಗೆ ಜಾಗ ಗೊತ್ತಿರುತ್ತದೆ, ಗೊಂದಲ ಆಗುವುದಿಲ್ಲ. ನೋಡುವವರಿಗೆ ಗೊತ್ತಿರುವುದು ಪರದೆ ಮಾತ್ರ. ಉತ್ತರದ ಶಾಟ್ ಪಕ್ಕಕ್ಕೆ ದಕ್ಷಿಣದ ಶಾಟ್ ಇಟ್ಟರೆ ಎಡಕ್ಕಿದ್ದ ಕಡಲು ಒಂದೇ ಕಟ್‌ನಲ್ಲಿ ಬಲಕ್ಕೆ ಹಾರುತ್ತದೆ. 'ಇದು ಬೇರೆ ಊರೇ?' ಎಂದು ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣದಲ್ಲಿ ಶಾಟ್‌ನ ಚೆಂದ ಕಾಣದೆ ಹೋಗುತ್ತದೆ.

ಮೊದಲು ಒಂದು ಬದಿ ಆರಿಸಿಕೊಳ್ಳಿ: ಈ ವಿಡಿಯೊದಲ್ಲಿ ಕಡಲು ಎಡಕ್ಕೆ. ಕ್ಲಿಪ್ ಹೆಸರಿನಲ್ಲಿ ದಿಕ್ಕು ಬರೆದದ್ದು ಈಗ ಕೆಲಸಕ್ಕೆ ಬರುತ್ತದೆ. ದಕ್ಷಿಣದ ಶಾಟ್ ಬೇಕೇ ಬೇಕು ಎಂದಾದರೆ ನಡುವೆ ದಿಕ್ಕಿಲ್ಲದ ಒಂದು ಶಾಟ್ ಹಾಕಿ. ಬರೀ ನೀರು ತುಂಬಿದ ಶಾಟ್ ಆಗಬಹುದು, ನೆಲದ ಶಾಟ್ ಆಗಬಹುದು. ಹಿಂದೆ ಹೇಳಿದ ಕಾಲು ಸುತ್ತಿನ ಆರ್ಬಿಟ್ ಕೂಡ ಆಗಬಹುದು. ಅದು ತಿರುಗುತ್ತಾ ದಿಕ್ಕು ಬದಲಾದದ್ದನ್ನು ಕಣ್ಣೆದುರೇ ತೋರಿಸುತ್ತದೆ.

ಟಾಪ್ ಶಾಟ್‌ಗೆ, ಅಂದರೆ ಕ್ಯಾಮೆರಾ ನೇರ ಕೆಳಗೆ ನೋಡುವ ಶಾಟ್‌ಗೆ, ಒಂದು ಅನುಕೂಲ ಇದೆ. ಅದರಲ್ಲಿ ದಿಗಂತ ಇರುವುದಿಲ್ಲ. ಕಡಲು ಬಲಕ್ಕೆ ಬಂದಿದ್ದರೆ ಇನ್‌ಸ್ಪೆಕ್ಟರ್‌ನಲ್ಲಿ (ಆರಿಸಿದ ಕ್ಲಿಪ್‌ನ ಅಳತೆ, ಕೋನ ಬದಲಿಸುವ ಫಲಕ) ರೊಟೇಶನ್ 180 ಡಿಗ್ರಿ ಕೊಡಿ, ಎಡಕ್ಕೆ ಬರುತ್ತದೆ.

ಎಚ್ಚರಿಕೆ: ಇದೇ ಕೆಲಸಕ್ಕೆ ಫ್ಲಿಪ್ ಬಟನ್ ಒತ್ತಬೇಡಿ. ಫ್ಲಿಪ್ ಎಂದರೆ ಕನ್ನಡಿ ಬಿಂಬ. ಕಡಲು ಎಡಕ್ಕೇನೋ ಬರುತ್ತದೆ, ಜೊತೆಗೆ ವಾಹನಗಳೆಲ್ಲ ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಬೋರ್ಡಿನ ಅಕ್ಷರಗಳು ತಿರುಗುಮುರುಗಾಗುತ್ತವೆ. ಊರಿನವರು ಮೊದಲ ನೋಟಕ್ಕೇ ಹಿಡಿಯುತ್ತಾರೆ. ತಿರುಗಿಸುವುದು ಬೇರೆ, ಮಗುಚುವುದು ಬೇರೆ.

ಚಲನೆಗೂ ಇದೇ ಲೆಕ್ಕ. ಎಡದಿಂದ ಬಲಕ್ಕೆ ಸರಿಯುವ ಶಾಟ್ ಆದ ಕೂಡಲೇ ಬಲದಿಂದ ಎಡಕ್ಕೆ ಸರಿಯುವುದು ಬಂದರೆ ಕಣ್ಣಿಗೆ ಬಡಿದಂತಾಗುತ್ತದೆ.

ಬೆಳಕನ್ನೂ ಗಮನಿಸಿ. ಬೆಳಿಗ್ಗೆ ಸೂರ್ಯ ನದಿಯ ಕಡೆ, ಸಂಜೆ ಕಡಲ ಕಡೆ. ಬೆಳಗಿನ ನೆರಳು ಕಡಲಿನತ್ತ ಬಿದ್ದಿರುತ್ತದೆ, ಸಂಜೆಯದು ನದಿಯತ್ತ. ಎರಡನ್ನೂ ಬೆರೆಸಿದರೆ ಬಣ್ಣ ಎಷ್ಟು ತಿದ್ದಿದರೂ ಹೊಂದುವುದಿಲ್ಲ. ಬೆಳಗಿನದೆಲ್ಲ ಮೊದಲು, ಸಂಜೆಯದೆಲ್ಲ ಆಮೇಲೆ ಇಡಿ.

ಹಂತ 6: ಎಷ್ಟು ಸೆಕೆಂಡ್ ಇಡಬೇಕು

ಒಂದೇ ವೇಗದಲ್ಲಿ ಹಾರಿದರೂ ಪರದೆಯ ಮೇಲೆ ಕಾಣುವ ವೇಗ ಎತ್ತರದ ಜೊತೆ ಬದಲಾಗುತ್ತದೆ. ಸಾಮಾನ್ಯ ಡ್ರೋನ್‌ಗಳ ಅಗಲ ಲೆನ್ಸ್ 24 ಮಿಲಿಮೀಟರ್‌ಗೆ ಸಮ ಎಂದಿಟ್ಟುಕೊಂಡರೆ, ನೇರ ಕೆಳಗೆ ನೋಡುವಾಗ ಫ್ರೇಮ್‌ನಲ್ಲಿ ಸಿಗುವ ನೆಲದ ಅಗಲ ಎತ್ತರದ ಸುಮಾರು ಒಂದೂವರೆ ಪಟ್ಟು. ಮೇಲಿನಂಚಿನಿಂದ ಕೆಳಗಿನಂಚಿಗೆ ಎತ್ತರದ ಸುಮಾರು 0.84 ಪಟ್ಟು. ಡ್ರೋನ್ ಸೆಕೆಂಡಿಗೆ 5 ಮೀಟರ್‌ನಂತೆ ಮುಂದೆ ಸಾಗುತ್ತಿದ್ದರೆ, 10 ಮೀಟರ್ ಎತ್ತರದಲ್ಲಿ ಒಂದು ಕಲ್ಲು ಮೇಲಂಚಿನಿಂದ ಕೆಳಂಚಿಗೆ ಬರಲು 1.7 ಸೆಕೆಂಡ್ ಸಾಕು. 20 ಮೀಟರ್‌ನಲ್ಲಿ 3.4 ಸೆಕೆಂಡ್. 100 ಮೀಟರ್‌ನಲ್ಲಿ ಸುಮಾರು 17 ಸೆಕೆಂಡ್. ಕ್ಯಾಮೆರಾ ಓರೆಯಾಗಿದ್ದಾಗ ಅಂಕಿ ಬದಲಾಗುತ್ತದೆ, ಹೋಲಿಕೆ ಬದಲಾಗುವುದಿಲ್ಲ.

ಕೆಳಮಟ್ಟದ ಶಾಟ್‌ನಲ್ಲಿ ಪ್ರತಿ ಎರಡು ಸೆಕೆಂಡಿಗೆ ಫ್ರೇಮ್ ಪೂರ್ತಿ ಹೊಸದಾಗುತ್ತದೆ, ಹಾಗಾಗಿ ಅದು ಏಳೆಂಟು ಸೆಕೆಂಡ್ ಆರಾಮಾಗಿ ತಾಳುತ್ತದೆ. ಮೇಲಿನ ಶಾಟ್‌ನಲ್ಲಿ ಐದಾರು ಸೆಕೆಂಡಿಗೆ ಕಣ್ಣು ಎಲ್ಲವನ್ನೂ ಓದಿ ಮುಗಿಸಿರುತ್ತದೆ, ಫ್ರೇಮ್ ಇನ್ನೂ ಸುಮಾರು ಮೂರನೇ ಒಂದು ಭಾಗವಷ್ಟೇ ಬದಲಾಗಿರುತ್ತದೆ. ಎತ್ತರದ್ದು ಭವ್ಯ ಎಂದು ಹೆಚ್ಚು ಹೊತ್ತು ಬಿಡುವುದು, ಕೆಳಗಿನದನ್ನು ಚುಟುಕಾಗಿ ಕತ್ತರಿಸುವುದು ರೂಢಿ. ತಿರುಗಿಸಿ ಮಾಡಿ ನೋಡಿ.

ಎಲ್ಲಿ ಕಟ್? ಡ್ರೋನ್ ವೇಗ ಹಿಡಿಯುವ ಮೊದಲ ಎರಡು ಸೆಕೆಂಡನ್ನೂ ನಿಲ್ಲುವ ಕೊನೆಯ ಎರಡು ಸೆಕೆಂಡನ್ನೂ ಬಿಡಿ. ಚಲನೆಯಲ್ಲಿ ಶುರುವಾಗಿ ಚಲನೆಯಲ್ಲೇ ಮುಗಿಯಲಿ. ನಿಲ್ಲುವುದನ್ನು ತೋರಿಸಬೇಕಾದ್ದು ಕೊನೆಯ ಶಾಟ್‌ನಲ್ಲಿ ಮಾತ್ರ. ಕಡಲಿರುವ ಶಾಟ್‌ಗೆ ಇನ್ನೊಂದು ಮಾತು: ಅಲೆ ಎದ್ದು, ಮುರಿದು, ದಡ ಮುಟ್ಟುವ ತನಕ ಬಿಡಿ. ಅಲೆ ಏಳುತ್ತಿರುವಾಗಲೇ ಕತ್ತರಿಸಿದರೆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದಂತೆ ಕೇಳುತ್ತದೆ. ನೊರೆ ಹರಡಿದ ಕೂಡಲೇ ಕಟ್ ಮಾಡಿದರೆ ಅದು ಕಟ್ ಎಂದು ಗೊತ್ತೇ ಆಗುವುದಿಲ್ಲ.

ಹಂತ 7: ವೇಗ ಹೆಚ್ಚಿಸುವುದು, ಇಳಿಸುವುದು

ನಿಧಾನವಾದ ಎತ್ತರದ ಶಾಟನ್ನು ಶೇ 150ರಿಂದ 200ರವರೆಗೆ ಓಡಿಸಬಹುದು, ಆದರೆ ಅದರಲ್ಲಿ ವೇಗ ಹೇಳಿಕೊಡುವಂಥದ್ದು ಏನೂ ಇರಬಾರದು. ಅಲೆ, ವಾಹನ, ನಡೆಯುವ ಜನ, ಹಕ್ಕಿ, ತೆಂಗಿನ ಗರಿ ಇವೆಲ್ಲ ಸುಳ್ಳನ್ನು ಬಯಲು ಮಾಡುತ್ತವೆ. ದುಪ್ಪಟ್ಟು ವೇಗದಲ್ಲಿ ಅಲೆ ಕುದಿಯುವ ನೀರಿನಂತೆ ಕಾಣುತ್ತದೆ.

ನಿಧಾನ ಮಾಡುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. 25ರಲ್ಲೇ ತೆಗೆದ ಶಾಟನ್ನು ಅರ್ಧ ವೇಗಕ್ಕೆ ಇಳಿಸಿದರೆ ಇಲ್ಲದ ಫ್ರೇಮ್‌ಗಳನ್ನು ತಂತ್ರಾಂಶ ಊಹಿಸಿ ಮಾಡಬೇಕಾಗುತ್ತದೆ. ಆಪ್ಟಿಕಲ್ ಫ್ಲೋ ಎಂಬ ಆಯ್ಕೆ ಮಾಡುವುದು ಇದನ್ನೇ. ಗೋಡೆ, ರಸ್ತೆಯಂಥ ಗಟ್ಟಿ ವಸ್ತುಗಳಿಗೆ ಅದು ನಡೆಯುತ್ತದೆ. ನೊರೆ ಮತ್ತು ಗರಿಗಳ ಅಂಚು ಮಾತ್ರ ಕಲಸಿಹೋಗುತ್ತದೆ. ಮರವಂತೆಯಲ್ಲಿ ಇರುವುದೇ ನೊರೆ ಮತ್ತು ಗರಿ. ನಿಧಾನ ಬೇಕಾದ ಶಾಟನ್ನು 50ರಲ್ಲಿ ತೆಗೆದಿರಬೇಕು, ಬೇರೆ ದಾರಿ ಇಲ್ಲ.

ಸ್ಪೀಡ್ ರ್‍ಯಾಂಪ್, ಅಂದರೆ ಒಂದೇ ಶಾಟ್‌ನೊಳಗೆ ವೇಗ ಏರಿ ಇಳಿಯುವುದು, ಒಂದು ವಿಡಿಯೊಗೆ ಒಂದೇ ಸಲ ಇರಲಿ.

ಹಂತ 8: ಸಂಗೀತ ಆಮೇಲೆ

ಮೊದಲ ಜೋಡಣೆ ಸದ್ದಿಲ್ಲದೆ ಮುಗಿಯಲಿ. ಮೌನದಲ್ಲಿ ನಿಲ್ಲುವ ಜೋಡಣೆ ಸಂಗೀತದಲ್ಲಿ ಮೇಲೇಳುತ್ತದೆ. ಸಂಗೀತದ ಮೇಲೆ ಒರಗಿ ಕಟ್ಟಿದ್ದು ಸದ್ದು ನಿಲ್ಲಿಸಿದ ಕೂಡಲೇ ಕುಸಿಯುತ್ತದೆ. ಮೊಬೈಲ್‌ನಲ್ಲಿ ಸದ್ದು ನಿಲ್ಲಿಸಿ ನೋಡುವವರೂ ಇದ್ದಾರೆ.

25ರ ಟೈಮ್‌ಲೈನ್‌ಗೆ ನಿಮಿಷಕ್ಕೆ 75 ಅಥವಾ 100 ಬಡಿತದ ಸಂಗೀತ ಹೊಂದಿಕೊಳ್ಳುತ್ತದೆ. 75 ಎಂದರೆ ಒಂದು ಬಡಿತಕ್ಕೆ ಸರಿಯಾಗಿ 20 ಫ್ರೇಮ್, 100 ಎಂದರೆ 15 ಫ್ರೇಮ್. 90ರ ಸಂಗೀತದಲ್ಲಿ 16.67 ಫ್ರೇಮ್ ಬಂದು, ಕಟ್‌ಗಳು ಒಮ್ಮೆ ಮುಂದೆ ಒಮ್ಮೆ ಹಿಂದೆ ಬೀಳುತ್ತವೆ. ಪ್ರತಿ ಬಡಿತಕ್ಕೂ ಕತ್ತರಿಸಬೇಡಿ. ಆದಿತಾಳದ ಒಂದು ಆವರ್ತದಂತೆ ಎಂಟು ಎಣಿಸಿ. 75ರಲ್ಲಿ ಎಂಟು ಬಡಿತಕ್ಕೆ 6.4 ಸೆಕೆಂಡ್, ಡ್ರೋನ್ ಶಾಟ್‌ಗೆ ಹೇಳಿ ಮಾಡಿಸಿದ ಅಳತೆ. ನೆಲದ ಶಾಟ್‌ಗೆ ನಾಲ್ಕು ಬಡಿತ, ನದಿ ತೆರೆದುಕೊಳ್ಳುವ ಶಾಟ್‌ಗೆ ಹನ್ನೆರಡು. ಎಂಟು, ಹನ್ನೆರಡು, ಎಂಟು, ನಾಲ್ಕು, ಎಂಟು, ನಾಲ್ಕು ಎಂದು ಹಾಕಿದರೆ ಮೊದಲ 35 ಸೆಕೆಂಡ್ ಕಟ್ಟಿದಂತಾಯಿತು. ಎಲ್ಲವೂ ಎಂಟೇ ಆದರೆ ಮುಂದಿನ ಕಟ್ ಎಲ್ಲಿ ಬರುತ್ತದೆಂದು ನೋಡುವವರಿಗೆ ಮೊದಲೇ ಗೊತ್ತಾಗುತ್ತದೆ.

ಡ್ರೋನ್ ಫೂಟೇಜ್‌ಗೆ ತನ್ನದೇ ಆದ ಬಳಸಬಹುದಾದ ಸದ್ದು ಇರುವುದಿಲ್ಲ. ಮೊಬೈಲ್‌ನಲ್ಲಿ ತೆಗೆದ ಅಲೆಯ ಸದ್ದನ್ನು ಸಂಗೀತದ ಕೆಳಗೆ ಮೆಲ್ಲಗೆ ಹಾಸಿ. ಎತ್ತರ ಏರಿದಂತೆ ಅದನ್ನು ತಗ್ಗಿಸಿ, ನೆಲದ ಶಾಟ್‌ಗೆ ಇಳಿದಾಗ ಏರಿಸಿ. ನೆಲದ ಶಾಟ್ ಬರುವ 12 ಫ್ರೇಮ್ ಮುಂಚೆಯೇ ಅದರ ಸದ್ದು ಶುರುವಾಗಲಿ. ಇದಕ್ಕೆ ಜೆ ಕಟ್ ಎನ್ನುತ್ತಾರೆ. ಕಣ್ಣಿಗಿಂತ ಕಿವಿ ಮೊದಲು ಕೆಳಗಿಳಿದರೆ ಕಟ್ ಮೆತ್ತಗಾಗುತ್ತದೆ.

ಹಂತ 9: ಓರೆಯಾದ ದಿಗಂತ, ಮತ್ತೆ ಕೊನೆಯ ಪರೀಕ್ಷೆ

ಕಡಲ ಗೆರೆ ಅರ್ಧ ಡಿಗ್ರಿ ಓರೆಯಾದರೂ ಕಾಣುತ್ತದೆ. ಇನ್‌ಸ್ಪೆಕ್ಟರ್‌ನಲ್ಲಿ ತಿರುಗಿಸಿ ನೇರ ಮಾಡಿ. 1 ಡಿಗ್ರಿ ತಿರುಗಿಸಿದರೆ ಮೂಲೆಯಲ್ಲಿ ಕಪ್ಪು ಕಾಣದಿರಲು ಝೂಮ್ 1.03ಕ್ಕಿಂತ ತುಸು ಹೆಚ್ಚು ಬೇಕು, 2 ಡಿಗ್ರಿಗೆ 1.06ಕ್ಕಿಂತ ತುಸು ಹೆಚ್ಚು. 4ಕೆಯಲ್ಲಿ ತೆಗೆದು 1080ರಲ್ಲಿ ಕೊಡುವುದಾದರೆ ಈ ಝೂಮ್‌ನಿಂದ ಏನೂ ನಷ್ಟ ಇಲ್ಲ.

ಒಂದು ರಾತ್ರಿ ಬಿಟ್ಟು, ಮೊಬೈಲ್ ಪರದೆಯಲ್ಲಿ, ಸದ್ದಿಲ್ಲದೆ ನೋಡಿ. ಜಾಗ ಗೊತ್ತಿಲ್ಲದ ಒಬ್ಬರಿಗೂ ತೋರಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮುಗಿದ ಮೇಲೆ 'ನದಿ ಯಾವ ಬದಿಗಿತ್ತು?' ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಹಂತ 5ಕ್ಕೆ ವಾಪಸ್ ಹೋಗಿ. ನೋಡುವಾಗ ಅವರ ಕಣ್ಣು ಪರದೆ ಬಿಟ್ಟು ಅಲುಗಿದ ಸೆಕೆಂಡ್ ಗುರುತು ಮಾಡಿಕೊಳ್ಳಿ. ಕತ್ತರಿಸಬೇಕಾದ್ದು ಆ ಸೆಕೆಂಡಿನ ಶಾಟನ್ನಲ್ಲ, ಅದಕ್ಕೂ ಮುಂಚಿನದನ್ನು. ಬೇಸರ ಶುರುವಾಗಿ ಆಗಲೇ ಮೂರ್ನಾಲ್ಕು ಸೆಕೆಂಡ್ ಆಗಿರುತ್ತದೆ.

ರೀಲ್ ಮಾಡುವುದಾದರೆ

3840 ಅಗಲದ ಚಿತ್ರದಿಂದ ಉದ್ದನೆಯ 9:16 ಪಟ್ಟಿ ಕತ್ತರಿಸಿದರೆ ಉಳಿಯುವುದು 1215 ಪಿಕ್ಸೆಲ್ ಅಗಲ. ಗುಣಮಟ್ಟಕ್ಕೆ ಅದು ಸಾಕು, ಆದರೆ ಅಗಲದ ಮೂರನೇ ಎರಡು ಭಾಗ ಹೋಗಿರುತ್ತದೆ. ಪಕ್ಕಕ್ಕೆ ಸರಿಯುವ ಶಾಟ್‌ಗಳು ಇದರಲ್ಲಿ ಸಾಯುತ್ತವೆ. ಮುಂದೆ ಸಾಗುವ, ಮೇಲೇರುವ ಶಾಟ್‌ಗಳು ಮತ್ತು ರಸ್ತೆ ನೆಟ್ಟಗೆ ನಿಂತ ಟಾಪ್ ಶಾಟ್ ಬದುಕುತ್ತವೆ. ಅಡ್ಡ ವಿಡಿಯೊವನ್ನೇ ಕತ್ತರಿಸಿ ರೀಲ್ ಮಾಡಬೇಡಿ. ಬೇರೆ ಟೈಮ್‌ಲೈನ್ ತೆರೆದು ನಾಲ್ಕೈದು ಶಾಟ್‌ನಲ್ಲಿ, ಅರ್ಧ ಅವಧಿಯಲ್ಲಿ ಹೊಸದಾಗಿ ಕಟ್ಟಿ.

ಜೋಡಿಸುವಾಗ ಯಾವ ಶಾಟ್ ಇಲ್ಲ ಎಂದು ಪರದಾಡಿದಿರೋ ಅದನ್ನು ಅಲ್ಲೇ ಬರೆದಿಟ್ಟು, ಮುಂದಿನ ಸಲ ಆ ಚೀಟಿ ಹಿಡಿದು ಹೋಗಿ. ಹೆಚ್ಚಾಗಿ ಆ ಚೀಟಿಯಲ್ಲಿ ಇರುವುದು ಇಷ್ಟೇ: 10 ಮೀಟರ್‌ಗಿಂತ ಕೆಳಗಿನ ಶಾಟ್, ದಿಕ್ಕಿಲ್ಲದ ನೀರಿನ ಶಾಟ್, ಒಂದೇ ಚಲನೆ ಎರಡು ಎತ್ತರದಲ್ಲಿ, ಶುರುವಿಗೂ ಕೊನೆಗೂ ಐದೈದು ಸೆಕೆಂಡ್ ಹೆಚ್ಚು ರೆಕಾರ್ಡಿಂಗ್. ಹಾರಿಸುವ ಮುಂಚೆ ಆ ಜಾಗ ಹಸಿರು ವಲಯದಲ್ಲಿದೆಯೇ, ಅಂದರೆ ಮುಂಗಡ ಅನುಮತಿ ಇಲ್ಲದೆ ಹಾರಿಸಬಹುದಾದ ಜಾಗವೇ ಎಂದು ಸರಕಾರದ ಡ್ರೋನ್ ನಕ್ಷೆಯಲ್ಲಿ ನೋಡಿಕೊಳ್ಳಿ. ಹಸಿರು ವಲಯದಲ್ಲೂ 400 ಅಡಿ, ಅಂದರೆ 120 ಮೀಟರ್, ದಾಟುವಂತಿಲ್ಲ. ಹೆದ್ದಾರಿಯ ಶಾಟ್ ಬೇಕಾದರೆ ಓಡುವ ವಾಹನಗಳ ನೆತ್ತಿಯ ಮೇಲೆ ನಿಲ್ಲಿಸದೆ, ಕಡಲ ಬದಿಗೆ ಸರಿದು ಕ್ಯಾಮೆರಾವನ್ನು ರಸ್ತೆಯ ಕಡೆ ಓರೆ ಮಾಡಿ.